ಶಿವ ಹೇಳೂತನ

ಶೇಖರಮ್ಮ ಗುಂಡುಕಲ್ಲನ್ನು ಎರಡೂ ಕೈಯಿಂದ ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಕೂಲಿಯ ಯಮನಮ್ಮ ಹೆಣದ ಬಲ ಮಣಿಕಟ್ಟಿನ ಕೆಳಗೆ ಹಾಸುಗಲ್ಲಿನ ತುಂಡೊಂದನ್ನು ತಾಗಿಸಿ ಮುಖ ಆಚೆ ತಿರುಗಿಸಿದ್ದಳು.

"ಕೈ ಬಗ್ಗವಲ್ದು, ಯಕ್ಕಾ. ಸೆಟದೈತಿ."

"ಬಗ್ಗದಿದ್ರ ಇರ್ಲಿ. ಬಳಿ ಒಡದ್ರ ಸಾಕು. ಗಟ್ಟಿ ಹಿಡಿ."

ಬಚ್ಚಲಿನಿಂದ ನೀರು ತರುತ್ತಿದ್ದ ಕಸ್ತೂರೆಮ್ಮ ಕೊಡವನ್ನು ನಿಂತಲ್ಲೇ ಬಿಟ್ಟಳು. ಹಿತ್ತಾಳೆಯ ಕೊಡ ನೀರು ಚೆಲ್ಲುತ್ತ ಪಡಸಾಲೆಯ ಉದ್ದಕ್ಕೂ ಉರುಳಿತು. ಕಲ್ಲು ಇಳಿಯುವಷ್ಟರಲ್ಲಿ ಅವಳ ಕೈ ನಡುವೆ ಹೋಗಿತ್ತು. ಬಳೆ ಉಳಿದವು. ಅವಳ ಎರಡು ಬೆರಳಿನ ಉಗುರು ಒಡೆದವು.

"ಹುಚ್ಚಿ ಅದೀ ಏನಬೇ!" ಶೇಖರಮ್ಮ ಕಲ್ಲು ಒಗೆದು ಹಿಂದೆ ಸರಿದಳು. "ಕೈ ಜಜ್ಜಿ ಹೋಗತಿತ್ತು!"

"ನನ್ನವು ಒಡದದ್ದು ಸಾಲಲಿಲ್ಲೇನು, ಚಿಗವ್ವಾ?"

ಸತ್ತವಳು ಅವಳ ತಾಯಿ ಗುರುಲಿಂಗಮ್ಮ. ನಸುಕಿನಲ್ಲಿ ಲಿಂಗಪೂಜೆಗೆ ಕೂತವಳು ಕೂತಲ್ಲೇ ಹೋಗಿದ್ದಳು. ದನಕ್ಕೆ ಮೇವು ಹಾಕಿ ಕಸ್ತೂರೆಮ್ಮ ಒಳಗೆ ಬಂದಾಗ ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಎಡ ಅಂಗೈ ಲಿಂಗದ ಮೇಲೆ ಮುಚ್ಚಿಕೊಂಡಿತ್ತು. ಬಲಗೈ ಮೊಣಕಾಲ ಮೇಲೆ ಅಂಗಾತ ತೆರೆದಿತ್ತು. ಹೊತ್ತೇರುವಷ್ಟರಲ್ಲಿ ದೇಹ ಹಾಗೆಯೇ ಬಿಗಿಯಿತು. ಹೇಗೂ ಕೂರಿಸಿಯೇ ಮಣ್ಣು ಕೊಡುವ ಮನೆತನ. ಕಂಬಕ್ಕೆ ಒರಗಿಸಿ ಹಳೆಯ ಸೀರೆಯಿಂದ ಕಟ್ಟಿ, ಹಣೆಗೆ ವಿಭೂತಿ ಹಚ್ಚಿದರು. ಬಲಗೈಯನ್ನು ಮಾತ್ರ ಯಾರಿಂದಲೂ ಮಡಚಲಾಗಲಿಲ್ಲ.

"ಏನರ ಬೇಡಿದಂಗ ಕುಂತಾಳ ನೋಡ್ರಿ," ಎಂದಳು ಯಮನಮ್ಮ. "ಜೀವ ಇದ್ದಾಗ ಒಂದು ಬೊಗಸಿ ಜ್ವಾಳ ಯಾರನ್ನೂ ಬೇಡಿದಾಕಿ ಅಲ್ಲ."

ಕಸ್ತೂರೆಮ್ಮ ಒಮ್ಮೆ ಕೇಳಿದ್ದಳು, ದಿನಾ ಪೂಜೆ ಮುಗಿದ ಮೇಲೆ ಕೈ ಚಾಚಿ ಏನು ಬೇಡಿಕೊಳ್ಳುತ್ತೀ ಎಂದು. 'ಬೇಡಾಂಗಿಲ್ಲಬೇ. ಇವತ್ತಿಂದು ಇವತ್ತ ಕೊಡು ಅಂತೀನಿ. ನಾಳಿಂದು ಅವನ ಹತ್ತರನ ಇರ್ಲಿ' ಎಂದಿದ್ದಳು ತಾಯಿ. ಆ ಮಾತು ಕಸ್ತೂರೆಮ್ಮನಿಗೆ ಅಂದು ಸೇರಿರಲಿಲ್ಲ.

ಸದ್ದು ಕೇಳಿ ಅಂಗಳದಿಂದ ಬಸವಂತರಾಯ ಬಂದ. ಸತ್ತವಳ ಮೈದುನ, ಶೇಖರಮ್ಮನ ಗಂಡ. ಬಾಗಿಲಿಗೆ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರದ ಆಳು.

"ಯಾಕ ನಿಲ್ಲಿಸಿದ್ರಿ?"

"ನಿಮ್ಮಣ್ಣನ ಮಗಳನ್ನ ಕೇಳ್ರಿ."

"ಕಸ್ತೂರಿ, ಸರಿ ಅಲ್ಲಿಂದ. ಗಂಡ ಸತ್ತಾಕಿಗೆ ಹಸಿರು ಬಳಿ ಇಟ್ಟು, ಉಡಿ ತುಂಬಿ ಮುತ್ತೈದಿ ಹಂಗ ಕಳಿಸಿದ್ರ ಊರು ನಗತೈತಿ."

"ಸತ್ತದ್ದು ಯಾರು ನೋಡ್ಯಾರ, ಕಾಕಾ?"

ಅದು ಗುರುಲಿಂಗಮ್ಮನ ಮಾತು. ಎಂಟು ವರ್ಷ ಅವಳು ಹೇಳಿದ ಮಾತು, ಈಗ ಅವಳ ಪಕ್ಕದಿಂದ ಬೇರೆ ದನಿಯಲ್ಲಿ ಬಂದಿತ್ತು.

ಬಸವಂತರಾಯ ಹೆಣದ ಕಡೆ ಕೈ ತೋರಿಸಿದ. "ಎಂಟು ವರ್ಷ ಆತು. ಒಡಹುಟ್ಟಿದ ಅಣ್ಣಗ ಒಂದು ಹಿಡಿ ಮಣ್ಣು ಹಾಕಾಕ ಬಿಡಲಿಲ್ಲ ಈಕಿ. ಅವ ಸತ್ತಾನ ಅಂತ ಅಳಾಕ ಬಿಡಲಿಲ್ಲ. ಸಾಲಗುಂದದಿಂದ ಅಯ್ಯನವರು ಬರ್ಲಿ. ಕ್ರಿಯಾ ಹ್ಯಾಂಗ ಮಾಡೂದು ಅಂತ ಕೇಳ್ತಾರ. ಅವರ ಮುಂದ ನೀನ ಹೇಳು, ನಿಮ್ಮಪ್ಪ ಅದಾನೊ ಇಲ್ಲೊ. ಮಗಳ ಮಾತಿನಂಗ ಆಗ್ಲಿ."

ಹೇಳುತ್ತ ಅವನು ಮೇಲೆ ಜಂತಿಯ ಸಂದಿಯನ್ನು ನೋಡಿದ. ಅಲ್ಲಿ ಗೋಣಿಯಲ್ಲಿ ಸುತ್ತಿಟ್ಟ ಕೊಡಲಿ ಇತ್ತು. ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಅತ್ತ ನೋಡಿ ಕಣ್ಣು ಕೆಳಗಿಳಿಸಿದರು.

*

ಎಂಟು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ಎತ್ತುಗಳು ಯಾರೂ ಹೊಡೆಯದೆ ತಾವೇ ಮನೆಗೆ ಬಂದಿದ್ದವು.

ಗುರುಲಿಂಗಮ್ಮನ ಗಂಡ ಅಮರಗುಂಡಪ್ಪ ಅಳಿಯ ಜಂಬಣ್ಣನನ್ನು ಕರೆದುಕೊಂಡು ಮಸ್ಕಿ ಸಂತೆಗೆ ಹೋಗಿದ್ದ. ರಜಾಕಾರರ ಹಾವಳಿ, ಒಬ್ಬರೇ ಹೋಗಬೇಡಿ ಎಂದು ಊರವರು ಹೇಳಿದ್ದಕ್ಕೆ ಇಬ್ಬರಾಗಿದ್ದರು. ಸಂಜೆ ಬಂಡಿ ಊರಬಾಗಿಲ ಅಗಸಿಯೊಳಗೆ ಬಂದಾಗ ಒಂದು ಎತ್ತಿಗೆ ಕಿವಿ ಇರಲಿಲ್ಲ. ಹಲಗೆಯ ಸಂದಿಯಿಂದ ರಕ್ತ ತೊಟ್ಟಿಕ್ಕಿ ಧೂಳಿನಲ್ಲಿ ಗೆರೆಯಾಗಿತ್ತು. ಒಳಗೆ ಜಂಬಣ್ಣ ಬೋರಲು ಬಿದ್ದಿದ್ದ. ಬೋರಲು ಬಿದ್ದವನ ಮುಖ ಆಕಾಶ ನೋಡುತ್ತಿತ್ತು. ಕೊರಳು ಒಂದು ಪಟ್ಟಿಯಷ್ಟೇ ಉಳಿದಿತ್ತು. ಅವನ ಪಕ್ಕದಲ್ಲಿ ಅಮರಗುಂಡಪ್ಪನ ರುಮಾಲು, ನೆನೆದು ಕಪ್ಪಾಗಿತ್ತು. ಅಮರಗುಂಡಪ್ಪ ಇರಲಿಲ್ಲ.

ಅಂದು ಶೇಖರಮ್ಮ ಇದೇ ಗುಂಡುಕಲ್ಲಿನಿಂದ ಕಸ್ತೂರೆಮ್ಮನ ಬಳೆ ಒಡೆದಳು. ಮದುವೆಯ ಬಳೆ ಬಿಗಿಯಾಗಿದ್ದವು. ಚೂರು ಮಣಿಕಟ್ಟಿಗೆ ಹೊಕ್ಕವು. ಆಮೇಲೆ ಕಲ್ಲು ಹಿಡಿದೇ ವಾರಗಿತ್ತಿಯ ಕಡೆ ತಿರುಗಿದಳು. ಗುರುಲಿಂಗಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬಂಡ್ಯಾಗ ಒಂದ ಹೆಣ ಐತಿ."

"ರುಮಾಲು ನೋಡಬೇ, ಯಕ್ಕಾ! ಇನ್ನೇನು ಬೇಕು?"

"ರುಮಾಲಿಗೆ ಜೀವ ಇರಾಂಗಿಲ್ಲ, ಹೋಗೂದೂ ಇಲ್ಲ. ಶಿವ ಹೇಳೂತನ, ಅಲ್ಲೀತನಕ ನಾ ಹೇಳಾಂಗಿಲ್ಲ."

ರಕ್ತ ಸೋರುವ ಕೈಯಲ್ಲಿ ಗಂಡನ ತಲೆಯನ್ನು ನೆಟ್ಟಗೆ ಹಿಡಿದು ಕೂತಿದ್ದ ಕಸ್ತೂರೆಮ್ಮನಿಗೆ, ಅಂದಿನಿಂದ ತಾಯಿಯ ಬಳೆಗಳ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು.

ಕೆಲವು ದಿನಕ್ಕೆ ದಿಲ್ಲಿಯ ಫೌಜು ಬಂತು. ನಿಜಾಮನ ಆಳಿಕೆ ಬಿತ್ತು. ಬಂದೂಕು ಹಿಡಿದಿದ್ದವರು ಓಡಿದರು. ಓಡಲಾರದವರು ಮನೆಯೊಳಗೆ ಅಗಳಿ ಹಾಕಿಕೊಂಡು ಕೂತರು. ಬಳೆಗಾರ ಪೀರ್‌ಸಾಬನ ಮಗ ಅಮೀನ್‌ಸಾಬ್ ಖಾಕಿ ಅಂಗಿ ತೊಟ್ಟು ರಜಾಕಾರರ ಸಂಗಡ ತಿರುಗಿದ್ದನ್ನು ಊರೆಲ್ಲ ನೋಡಿತ್ತು. ಅವನೂ ಓಡಿಹೋಗಿದ್ದ. ಉಳಿದವರು ತಂದೆ, ತಾಯಿ ಖಾಸಿಂಬೀ, ಚಿಕ್ಕ ತಂಗಿ ನಜಮಾ.

ಬಸವಂತರಾಯ ಚಾವಡಿಯ ಮುಂದೆ ಎದೆಯ ಲಿಂಗ ಮುಟ್ಟಿ ಆಣೆ ಮಾಡಿದ. "ಅಣ್ಣ ಸತ್ತದ್ದು ಖಾತ್ರಿ ಆದ ದಿನ ಪೀರ್‌ಸಾಬನ ಮನ್ಯಾಗ ದೀಪ ಹಚ್ಚಾಕ ಯಾರನ್ನೂ ಉಳಿಸಾಂಗಿಲ್ಲ." ಅಂದು ಅದನ್ನು ಖಾತ್ರಿ ಮಾಡಿಕೊಳ್ಳಲು ಯಾರೂ ನಿಲ್ಲಲಿಲ್ಲ. ಕೊಡಲಿಗಳು ಅವನ ಹಿಂದೆ ಹೊರಟವು.

ಪೀರ್‌ಸಾಬ್ ತಾನೇ ಬಾಗಿಲು ತೆರೆದು ಕೈ ಮುಗಿದ. ಹೊರಗಿನಿಂದ ಬಂದು ಸೇರಿದ್ದ ಯಾರದೋ ಕೊಡಲಿ ಆ ಮುಗಿದ ಕೈಗಳ ನಡುವೆಯೇ ಇಳಿಯಿತು. ಎರಡನೆಯ ಏಟಿಗೆ ಬಸವಂತರಾಯ ಹೊಸ್ತಿಲು ದಾಟಬೇಕಿತ್ತು. ಹೊಸ್ತಿಲ ಮೇಲೆ ಅತ್ತಿಗೆ ಇದ್ದಳು. ಎಲ್ಲಿಂದ ನುಗ್ಗಿ ಬಂದಳೋ, ಪೀರ್‌ಸಾಬನ ರಕ್ತದಲ್ಲಿ ಬರಿಗಾಲು ಊರಿ ಎರಡೂ ಕೈ ಮೇಲೆತ್ತಿ ಬಳೆ ಅಲುಗಿಸಿದಳು.

"ನೋಡೋ ಬಸವಂತಾ, ನನ್ನ ಕೈ ನೋಡು. ನಿಮ್ಮಣ್ಣ ಸತ್ತಾನೇನು? ಖಾತ್ರಿ ಆದ ದಿನ ಅಂದೀದಿ. ಲಿಂಗ ಮುಟ್ಟಿ ಅಂದೀದಿ. ಯಾರು ಖಾತ್ರಿ ಮಾಡ್ಯಾರ? ನೀ ಮಾಡೀಯೇನು? ನಿನ್ನ ಲಿಂಗಕ್ಕ ಸುಳ್ಳು ಹೇಳ್ತೀಯೇನು?"

"ಸರಿ, ಅತ್ತಿಗಿ."

"ಮೊದಲು ನನ್ನ ಬಳಿ ಒಡಿ. ಆಮ್ಯಾಲ ಒಳಗ ಹೋಗು."

ಕೊಡಲಿಯ ಅಲಗು ಅವಳ ಕೈಗೆ ಒಂದು ಗೇಣು ದೂರದಲ್ಲಿ ನಿಂತಿತು. ಲಿಂಗ ಮುಟ್ಟಿ ಆಡಿದ ಮಾತು ಅವನನ್ನು ಕಟ್ಟಿಹಾಕಿತ್ತು, ಹಿಂದಕ್ಕೂ, ಮುಂದಕ್ಕೂ. ಮನೆಗೆ ಬಂದವನು ಕೊಡಲಿಗೆ ಗೋಣಿ ಸುತ್ತಿ ಜಂತಿಯಲ್ಲಿ ಸಿಕ್ಕಿಸಿದ.

*

ಮಧ್ಯಾಹ್ನಕ್ಕೆ ಅಂಗಳ ತುಂಬಿತು. ಭಜನೆಯವರು ತಾಳ ಬಿಸಿಲಿಗೆ ಕಾದಿದೆ ಎಂದು ನೀರು ಚಿಮುಕಿಸುತ್ತಿದ್ದರು. ಕಟ್ಟೆಯ ಮೇಲೆ ಆದಪ್ಪನೂ ಗಿಡ್ಡಪ್ಪನೂ ಎಲೆಯಡಿಕೆ ಹಂಚಿಕೊಂಡರು.

"ಮೊನ್ನೆತನ ಹೈದ್ರಾಬಾದಿನಾಗ ಇದ್ವಿ. ಈಗ ಮೈಸೂರು ರಾಜ್ಯ ಅಂತಲ್ಲೋ ಆದಪ್ಪಾ. ಕುಂತಲ್ಲೇ ಅಷ್ಟು ದೂರ ಹೋಗಿ ಬಂದ್ವಿ ನೋಡು."

"ಕಾಲುವಿ ನೀರು ಯಾರ ಸರ್ಕಾರದ್ದು ಈಗ?"

"ನಮ್ಮ ಹೊಲಕ್ಕ ಬಂದ್ರ ನಮ್ಮ ಸರ್ಕಾರದ್ದು. ನಿಮ್ಮ ಹೊಲಕ್ಕ ಹೋದ್ರ ಅವರದು."

ನಗು ಅರ್ಧಕ್ಕೇ ನಿಂತಿತು. ಅಂಗಳದ ಬಾಗಿಲಲ್ಲಿ ಖಾಸಿಂಬೀ ನಿಂತಿದ್ದಳು. ಕಂಕುಳಲ್ಲಿ ಬಳೆಯ ಬುಟ್ಟಿ. ಗಂಡ ಹೋದ ಮೇಲೆ ಅವನ ಬುಟ್ಟಿಯನ್ನು ಅವಳೇ ಹೊತ್ತಿದ್ದಳು. ಆದರೆ ಎಂಟು ವರ್ಷದಲ್ಲಿ ಈ ಅಂಗಳವನ್ನು ಮುಂಬಾಗಿಲಿನಿಂದ ದಾಟಿದ್ದು ಇದೇ ಮೊದಲು. ಗುರುಲಿಂಗಮ್ಮ ಹಿತ್ತಲಲ್ಲಿ ಕೂತು ಬಳೆ ಇಡಿಸಿಕೊಳ್ಳುತ್ತಿದ್ದಳು.

ಬಸವಂತರಾಯ ಎದ್ದ. "ಏನು ನೋಡಾಕ ಬಂದಿ?"

"ಪಂಚಮಿ ಪಂಚಮಿಗೆ ಅಕಿಗೆ ಬಳಿ ಇಟ್ಟಾಕಿ ನಾನ, ರಾಯಾ. ಇದೊಂದು ಸಲ ಇಟ್ಟು ಹೋಗ್ತೀನಿ."

ಅವನ ಕಾಲು ಮೊದಲು ಬುಟ್ಟಿಗೆ ಬಿತ್ತು. ಹಸಿರು ಬಳೆಗಳು ಅಂಗಳದ ತುಂಬ ಚೆಲ್ಲಿ ಜನರ ಕಾಲಡಿ ಪುಡಿಯಾದವು. ಎರಡನೆಯದು ಅವಳ ಪಕ್ಕೆಗೆ. ಅವಳು ಕಟ್ಟೆಯ ಮೂಲೆಗೆ ಹಣೆ ಬಡಿದು ಬಿದ್ದಳು.

"ಹಡದಾಕಿ ನೀ ಅವನ್ನ! ನಮ್ಮಣ್ಣನ ಕೊರಳು ಕೊಯ್ದಾವನ್ನ ಹಡದಾಕಿ!"

"ಕೊಯ್ದಾನೊ ಇಲ್ಲೊ ಅಲ್ಲಾ ಬಲ್ಲ," ಖಾಸಿಂಬೀ ನೆಲದಿಂದಲೇ ಹೇಳಿದಳು. "ಅವ ಲಿಂಗಸುಗೂರಿನಾಗ ಸತ್ತಾ ಅಂತಾರ ಕೆಲವರು. ಹೈದ್ರಾಬಾದಿನಾಗ ಅದಾನ ಅಂತಾರ. ಹಡದಾಕಿ ನಾನು, ನನಗ ಗೊತ್ತಿಲ್ಲ ರಾಯಾ."

ಅವನು ಮತ್ತೆ ಕಾಲೆತ್ತಿದ. ಆದಪ್ಪ ಹಿಂದಿನಿಂದ ನಡು ಹಿಡಿದು ಎಳೆದ. "ಹೆಣದ ಮುಂದ ಬ್ಯಾಡೋ ಮಾರಾಯ. ಅಕಿ ಕುಂತು ನೋಡಾಕತ್ತಾಳ."

ಕಸ್ತೂರೆಮ್ಮ ಖಾಸಿಂಬಿಯ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದಳು. ಒಡೆದ ಉಗುರಿನ ಕೈಯಿಂದಲೇ ನೀರು ಹಾಕಿ ಹಣೆ ತೊಳೆದಳು. ಯಾರ ರಕ್ತ ಯಾವುದೆಂದು ತಿಳಿಯದಂತೆ ನೀರು ಬಾಳೆಯ ಬುಡಕ್ಕೆ ಹರಿಯಿತು. ಖಾಸಿಂಬೀ ಸುತ್ತ ನೋಡಿ, ಸೊಂಟದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟಳು.

ಗಂಟಿನಲ್ಲಿ ಲಿಂಗ ಇಡುವ ಬೆಳ್ಳಿಯ ಕರಡಿಗೆ ಇತ್ತು, ಅಪ್ಪನದು. ಮೈ ಬೆಳ್ಳಿ, ಮೇಲಿನ ಮೊಗ್ಗು ಮಾತ್ರ ಹಿತ್ತಾಳೆ. ಕೂಸಾಗಿದ್ದಾಗ ಕಸ್ತೂರೆಮ್ಮ ಅಪ್ಪನ ತೊಡೆಯ ಮೇಲೆ ಕೂತು ಬೆಳ್ಳಿ ಮೊಗ್ಗನ್ನು ಜಗ್ಗಿ ಕಿತ್ತಿದ್ದಳಂತೆ. ಸಿಂಧನೂರಿನ ಅಕ್ಕಸಾಲಿಗ ಹಿತ್ತಾಳೆಯದನ್ನು ಕೂಡಿಸಿದ್ದ. ಕೊರಳಿಗೆ ಕಟ್ಟುವ ಶಿವದಾರ ಒಂದೇ ಏಟಿಗೆ ಕತ್ತರಿಸಿಹೋಗಿತ್ತು. ಅರ್ಧ ದಾರ ರಕ್ತ ಒಣಗಿ ಕಪ್ಪಗೆ ಕಟ್ಟಿಗೆಯಂತಾಗಿತ್ತು. ಒಳಗೆ ಲಿಂಗ ಹಾಗೆಯೇ ಇತ್ತು.

"ಬಂಡಿ ಬಂದ ದಿನ ಸಂಜಿಗೆ ಅಮೀನ ಬಂದು ಅಂಗಿ ಬಿಚ್ಚಿ ಒಗದ. ಕಿಸೆದಾಗ ಇದಿತ್ತು. ಎಲ್ಲೀದೋ ಅಂದೆ. ಹಳ್ಳದಾಗ ಬಿದ್ದಿತ್ತು ಅಂದ. ನನ್ನ ಮಾರಿ ನೋಡಿ ಅನ್ನಲಿಲ್ಲ. ಊಟಾನೂ ಮಾಡಲಾರದ ಹೋದ." ಖಾಸಿಂಬೀ ಸೆರಗನ್ನು ಹಣೆಗೆ ಒತ್ತಿಕೊಂಡಳು. "ಮರುದಿನ ನಿಮ್ಮವ್ವಗ ತಂದು ಕೊಟ್ಟು ಕಾಲ ಮ್ಯಾಲ ಬಿದ್ದೆ."

"ಅಕಿ ಏನಂದ್ಲು?"

"ಬಾಳೊತ್ತು ಹಿಡಕೊಂಡು ಕುಂತ್ಲು. ಆಮ್ಯಾಲ ತಿರುಗಿ ನನ್ನ ಉಡ್ಯಾಗ ಹಾಕಿದ್ಲು. 'ಇದು ನನ್ನ ಮನ್ಯಾಗ ಇದ್ರ ನಿನ್ನ ಮನಿ ಉಳ್ಯಾಂಗಿಲ್ಲ. ದಾರ ಹರದದ್ದು ಕಂಡೀನಿ, ಮನುಷ್ಯಾನ ಕಂಡಿಲ್ಲ. ಮುಂದಿಂದು ಶಿವ ಹೇಳ್ಲಿ. ನೀನೂ ಮಗನ್ನ ಕಾಯಿ, ನಾನೂ ಗಂಡನ್ನ ಕಾಯ್ತೀನಿ. ನಾ ಹೋದ ದಿನ ಕಸ್ತೂರಿ ಕೈಗೆ ಕೊಡು' ಅಂದ್ಲು."

"ನನ್ನ ಕೈಗ್ಯಾಕ?"

"ನಾನೂ ಕೇಳಿದೆ. 'ಅಕಿ ಕೈ ಖಾಲಿ ಮಾಡ್ಯಾರ' ಅಂದ್ಲು. ಅಷ್ಟ." ಖಾಸಿಂಬೀ ಎದ್ದು ನಿಂತಳು. "ಮನ್ಯಾಗ ನಜಮಾಗ ದಿನ ತುಂಬ್ಯಾವ. ಓಡಿಹೋಗೂ ಹಂಗಿಲ್ಲ. ಕೊಟ್ಟ ಮಾತಿಗೆ ತಂದು ಕೊಟ್ಟೀನಿ. ಮುಂದ ನಿನ್ನ ಕೈಯಾಗೈತಿ, ಯವ್ವಾ."

ಜೀವ ಇರುವತನಕ ಮೈ ಬಿಡದ, ಸತ್ತ ಮೇಲೆ ಮಣ್ಣಿಗೂ ಜೊತೆಗೇ ಹೋಗುವ ವಸ್ತು ಅದು. ಪಡಸಾಲೆಗೆ ಹೋಗಿ ಮುಷ್ಟಿ ತೆರೆದರೆ ಸಾಕು. ಎಂಟು ವರ್ಷದ ಆಣೆಗೆ ಬೇಕಾದ ಖಾತ್ರಿ ಅವಳ ಅಂಗೈಯಲ್ಲಿ ತಣ್ಣಗೆ ಕೂತಿತ್ತು. ಜಂಬಣ್ಣನ ಕೊರಳೂ ಅದೇ ಹಳ್ಳದ ದಾರಿಯಲ್ಲಿ ಹೋಗಿತ್ತು. ಆ ತಲೆಯನ್ನು ಹಿಡಿದು ಕೂತ ಭಾರ ಅವಳ ಕೈ ಇನ್ನೂ ಮರೆತಿರಲಿಲ್ಲ. ಅವಳು ಕರಡಿಗೆಯನ್ನು ಸೀರೆಯ ನಿರಿಗೆಯೊಳಗೆ ಸಿಕ್ಕಿಸಿಕೊಂಡಳು. ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

*

ಎರಡು ವರ್ಷದ ಹಿಂದೆ ಕಾಲುವೆ ತೋಡುವವರಿಗೆ ಹಳ್ಳದ ದಂಡೆಯಲ್ಲಿ ಒಂದು ಬುರುಡೆಯೂ ಕೆಲವು ಎಲುಬುಗಳೂ ಸಿಕ್ಕಿದ್ದವು. ಬುರುಡೆಯ ಹಿಂಬದಿ ಒಡೆದಿತ್ತು. ಬಸವಂತರಾಯ ಅತ್ತಿಗೆಯನ್ನು ಬಂಡಿಯಲ್ಲಿ ಕರೆದೊಯ್ದ. ಕಸ್ತೂರೆಮ್ಮನೂ ಹೋದಳು. ಹುಲ್ಲಿನ ಕೆಳಗೆ ಗೋಣಿಯಲ್ಲಿ ಸುತ್ತಿದ ಕೊಡಲಿ ಅವಳ ಕಾಲಿಗೆ ತಾಗುತ್ತಿತ್ತು.

"ನೋಡು, ಅತ್ತಿಗಿ. ಇನ್ನರ ಹೇಳು."

ಗುರುಲಿಂಗಮ್ಮ ಮಣ್ಣಿನ ಮೇಲೆ ಕೂತು ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಸೆರಗಿನಿಂದ ಕೆಸರು ಒರೆಸಿದಳು. ಕಣ್ಣಿನ ಕುಳಿ, ಹಲ್ಲಿನ ಸಾಲು, ಒಡೆದ ಅಂಚು. ಆಮೇಲೆ ತಲೆಯೆತ್ತಿ ಕೂಲಿಯವರನ್ನು ಕೇಳಿದಳು.

"ಲಿಂಗ ಸಿಕ್ಕೈತೇನಪಾ?"

"ಇಲ್ರೀ ಅವ್ವಾರ. ಜರಡಿ ಹಿಡದಂಗ ನೋಡೀವಿ. ಬರೇ ಎಲುಬು."

"ಕೇಳಿದಿ, ಬಸವಂತಾ? ನಿಮ್ಮಣ್ಣ ಲಿಂಗ ಬಿಟ್ಟು ಒಂದು ಗುಟುಕು ನೀರು ಕುಡದಾವಲ್ಲ. ಇವ ಯಾರೋ ಲಿಂಗ ಇಲ್ಲದಾವ." ಬುರುಡೆಯನ್ನು ಮತ್ತೆ ಸೆರಗಿನಿಂದ ಒರೆಸುತ್ತ ಹೇಳಿದಳು, "ಯಾರಾರ ಆಗ್ಲಿ, ಹಿಂಗ ಬಿಡಬಾರದು. ನಮ್ಮ ಹೊಲದಾಗ ಬೇವಿನ ಬುಡಕ ಇಡ್ರಿ. ನಾ ಹೋದಾಗ ನನ್ನೂ ಅಲ್ಲೇ ಮಗ್ಗಲಾಗ ಇಡ್ರಿ. ಪಾಪ, ಒಬ್ಬಾವ ಅದಾನ."

ಅವಳಿಗೆ ತಲೆ ಕೆಟ್ಟಿದೆ ಎಂದು ಊರು ಆಡಿಕೊಂಡಿತು. ಬೇವಿನ ಬುಡದಲ್ಲಿ ಕುಣಿ ತೋಡಿ ಎಲುಬು ಇಳಿಸಿದಾಗ ಬಸವಂತರಾಯ ಉಗುಳಿ ದೂರ ಸರಿದು ನಿಂತ. "ಗುರ್ತಿಲ್ಲದ ಎಲುಬಿಗೆ ನಾ ಯಾಕ ಮಣ್ಣು ಹಾಕ್ಲಿ?"

ತಿರುಗಿ ಬರುವಾಗ ದಾರಿಯುದ್ದಕ್ಕೂ ತಾಯಿಯ ಬಳೆಗಳು ಎಡೆಬಿಡದೆ ಸದ್ದು ಮಾಡುತ್ತಿದ್ದವು. ಬಂಡಿಯ ಕುಲುಕಾಟ ಎಂದುಕೊಂಡಿದ್ದಳು ಕಸ್ತೂರೆಮ್ಮ.

*

ಅಯ್ಯನವರು ಬಂದಾಗ ಹೊತ್ತು ಇಳಿದಿತ್ತು. ಎಂಬತ್ತು ದಾಟಿದ ಮುದುಕರು. ಈ ಮನೆಯ ಮೂರು ತಲೆಮಾರಿಗೆ ಲಿಂಗ ಕಟ್ಟಿದವರು. ಕಂಬದ ಮುಂದೆ ಕೂತು, ತೆರೆದ ಬಲಗೈಯನ್ನು ನೋಡಿದರು, ಬಳೆಗಳನ್ನು ನೋಡಿದರು.

"ಮುತ್ತೈದಿ ಕ್ರಿಯಾನೊ, ಹ್ಯಾಂಗ?"

"ಮಗಳು ಹೇಳ್ತಾಳ್ರಿ," ಎಂದ ಬಸವಂತರಾಯ. ಅವನು ಜಂತಿಯ ಕೆಳಗೇ ನಿಂತಿದ್ದ. "ಹೇಳು ಕಸ್ತೂರಿ. ನಿಮ್ಮಪ್ಪ ಅದಾನೊ ಇಲ್ಲೊ?"

ಕರಡಿಗೆಯ ಹಿತ್ತಾಳೆಯ ಮೊಗ್ಗು ಹೊಟ್ಟೆಗೆ ಒತ್ತುತ್ತಿತ್ತು. ಅಂಗಳದ ಆಚೆ, ಒಡೆದ ಬಳೆಗಳ ನಡುವೆ ಖಾಸಿಂಬೀ ಇನ್ನೂ ನಿಂತಿದ್ದಳು. ಮುಖದಲ್ಲಿ ಬೇಡಿಕೆ ಇರಲಿಲ್ಲ. ಕಾಯುತ್ತಿದ್ದಳು, ಅಷ್ಟೆ.

"ಶಿವ ಹೇಳೂತನ ನಾ ಹೇಳಾಂಗಿಲ್ಲ, ಕಾಕಾ."

"ಅದು ನಿಮ್ಮವ್ವನ ಮಾತು. ನಿನ್ನ ಮಾತು ಹೇಳು!"

"ಇದ ನನ್ನ ಮಾತು. ನನ್ನ ಗಂಡನ ಹೆಣ ನಾ ನೋಡೀನಿ. ಅಪ್ಪನ್ನ ನೋಡಿಲ್ಲ."

ಏಟು ಕೆನ್ನೆಗೆ ಬಿತ್ತು. ತಲೆ ಕಂಬಕ್ಕೆ ಬಡಿದು ಬಾಯಲ್ಲಿ ಉಪ್ಪು ಬಂತು. ಅವಳು ಎರಡೂ ಕೈಯಿಂದ ಸೊಂಟ ಹಿಡಿದು ನಿಂತಳು. ಕೆನ್ನೆಗೆ ಕೈ ಹೋಗಲಿಲ್ಲ. ಬಸವಂತರಾಯ ಮತ್ತೆ ಎತ್ತಿದ ಕೈಯನ್ನು ತಾನೇ ನೋಡಿಕೊಂಡ. ಆಮೇಲೆ ಅಲ್ಲೇ ಕುಸಿದು, ದೊಡ್ಡ ಗಂಡಸು, ಕೂಸಿನಂತೆ ಅತ್ತ.

"ಬಳಿ ಇರ್ಲಿ," ಎಂದರು ಅಯ್ಯನವರು.

ಕಸ್ತೂರೆಮ್ಮ ಅಂಗಳಕ್ಕೆ ಇಳಿದು, ಒಡೆಯದೆ ಉಳಿದ ಬಳೆಗಳನ್ನು ಧೂಳಿನಿಂದ ಆಯ್ದಳು. ತೊಳೆದು ತಂದಳು.

"ನೀ ಇಡಬಾರದಬೇ," ಶೇಖರಮ್ಮ ಮೆಲ್ಲಗೆ ಅಂದಳು. "ನೀ ಇಡೂ ಹಂಗಿಲ್ಲ."

ಕಸ್ತೂರೆಮ್ಮ ತಾಯಿಯ ಕೈಗೆ ಬಳೆ ಏರಿಸಿದಳು. ಶೇಖರಮ್ಮ ನೋಡಿ ನೋಡಿ, ಕಡೆಗೆ ಉಡಿಗೆ ಅಕ್ಕಿ ತಂದಳು.

ಬೇವಿನ ಬುಡದಲ್ಲಿ, ಗುರುತಿಲ್ಲದವನ ಮಣ್ಣಿನ ಗುಂಪೆಯ ಪಕ್ಕ ಕುಣಿ ತೆರೆದಿತ್ತು. ಹೊಸ ಕಾಲುವೆಯ ತೇವ ಅಲ್ಲಿಗೂ ಬಂದು ಮಣ್ಣು ಕಪ್ಪಗಿತ್ತು. ಗುರುಲಿಂಗಮ್ಮನನ್ನು ಕೂತಂತೆಯೇ ಇಳಿಸಿದರು. ಅಯ್ಯನವರು ಇಬ್ಬರ ಆಸರೆಯಿಂದ ಕೆಳಗಿಳಿದು ಅವಳ ನೆತ್ತಿಯ ಮೇಲೆ ಪಾದವಿಟ್ಟು ಮಂತ್ರ ಹೇಳಿದರು. "ಮಗಳು ಪತ್ರಿ ಏರಿಸ್ಲಿ."

ಕಸ್ತೂರೆಮ್ಮ ಮಡಿಲು ತುಂಬ ಬಿಲ್ವಪತ್ರೆ ಕಟ್ಟಿಕೊಂಡು ಇಳಿದಳು. ಲಿಂಗ ಹಿಡಿದ ಎಡಗೈಗೆ ಪತ್ರೆ ಏರಿಸಿದಳು. ಆಮೇಲೆ ಮೇಲಿನವರಿಗೆ ಬೆನ್ನು ಮಾಡಿ, ತೆರೆದ ಬಲ ಅಂಗೈ ಮೇಲೆ ಬಾಗಿದಳು. ಸೆಟೆದ ಬೆರಳುಗಳ ನಡುವೆ ಕರಡಿಗೆ ಸರಿಯಾಗಿ ಕೂತಿತು.

ಪತ್ರೆ ಮುಚ್ಚುವ ಮೊದಲು ಅಯ್ಯನವರು ಹಿತ್ತಾಳೆಯ ಮೊಗ್ಗನ್ನು ಕಂಡರು. ಕತ್ತರಿಸಿದ ದಾರವನ್ನು ಕಂಡರು. ಕಸ್ತೂರೆಮ್ಮನನ್ನು ನೋಡಿದರು, ಕುಣಿಯ ಅಂಚಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ ಬಸವಂತರಾಯನನ್ನು ನೋಡಿದರು. ಒಂದು ವಿಭೂತಿ ಗಟ್ಟಿಯನ್ನು ಆ ಅಂಗೈ ಮೇಲೆ ಪುಡಿ ಮಾಡಿ ಸುರಿದರು. ಕಸ್ತೂರೆಮ್ಮ ಅದರ ಮೇಲೆ ಪತ್ರೆ ಹೊದಿಸಿದಳು.

ಇಬ್ಬರೂ ಮೇಲೆ ಬಂದರು.

"ಮಣ್ಣು ಕೊಡ್ರಿ," ಎಂದರು ಅಯ್ಯನವರು. "ಮೊದಲು ಬಸವಂತ ಕೊಡ್ಲಿ."

ಬಸವಂತರಾಯ ಮುಷ್ಟಿ ತುಂಬ ಮಣ್ಣು ಹಿಡಿದು ಅಂಚಿಗೆ ಬಂದ. ಅಳು ಇನ್ನೂ ನಿಂತಿರಲಿಲ್ಲ. ಮುಷ್ಟಿ ಬಿಚ್ಚಿದ. ಕಪ್ಪು ಮಣ್ಣು ನೇರ ಆ ತೆರೆದ ಅಂಗೈ ಮೇಲೆ ಬಿತ್ತು. ಪತ್ರೆಗಳು ಅದುರಿದವು, ಹಸಿರು ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅಂಗೈ ಬಗ್ಗಲಿಲ್ಲ.